ಮೊದಲು ಕೂತ್ಕೊಳ್ಳವ್ವಾ

ವೇದಿಕೆಯಲ್ಲಿರುವ ಹಿರಿಯರಿಗೆ, ಮುಳ್ಳೂರಿನಿಂದ ಬಂದಿರುವ ಬಂಧುಗಳಿಗೆ, ಕೊಳ್ಳೇಗಾಲ, ಹನೂರು, ಯಳಂದೂರಿನ ನಮ್ಮ ಪೊಲೀಸ್ ಕುಟುಂಬಕ್ಕೆ ನಮಸ್ಕಾರ. ಚನ್ನಾಜಮ್ಮನವರೇ, ನಿಮ್ಮ ಮಗಳು ಡಿವೈಎಸ್ಪಿ ಮಾಲಿನಿ ಮೇಡಂ ಬಗ್ಗೆ ಮಾತಾಡೋಕೆ ಈ ಹೆಡ್ ಕಾನ್‌ಸ್ಟೇಬಲ್ ರೋಜಾನ ನಿಲ್ಲಿಸಿದ್ದೀರಿ. ಅಳದೆ ಮುಗಿಸ್ತೀನಿ ಅಂತ ಮಾತು ಕೊಡಲ್ಲ.

ಮೇಡಂ ಪೇದೆಯಾಗಿ ಸೇರಿದ ಸ್ಟೇಷನ್ — ಹೆಸರು ಬೇಡ ಬಿಡಿ — ಅಲ್ಲಿ ಹೆಣ್ಣುಮಕ್ಕಳಿಗೆ ಅಂತ ಒಂದು ಕುರ್ಚಿ ಇರ್ಲಿಲ್ಲ. ನಿಂತೇ ಡ್ಯೂಟಿ. ನಿಂತೇ ಊಟ. ಬಿಡುವಾದಾಗ ಗೋಡೆಗೊರಗಿ ನಿಂತೇ ಓದಿ, ಪರೀಕ್ಷೆ ಬರೆದು, ಸಬ್ ಇನ್ಸ್‌ಪೆಕ್ಟರ್ ಆದ್ರು. "ಆ ಕಾಲುನೋವು ಮರೀಬಾರ್ದು ಕಣೇ ರೋಜಾ" ಅನ್ನೋರು. ಮರೀಲಿಲ್ಲ. ಯಳಂದೂರಿಗೆ ಬಂದ ದಿನವೇ ತಮ್ಮ ಮೇಜಿನ ಮುಂದೆ ಒಂದು ಕುರ್ಚಿ ಹಾಕಿಸಿದ್ರು. ದೂರು ತಂದವರು ಯಾರೇ ಆಗ್ಲಿ — "ಮೊದಲು ಕೂತ್ಕೊಳ್ಳವ್ವಾ." ಹೆಸರು, ಊರು ಎಲ್ಲಾ ಆಮೇಲೆ. ನಮಗೂ ಅದೇ ಪಾಠ — "ಲೇ, ಸ್ಟೇಷನ್ನಿಗೇನು ನೆಂಟಸ್ತನಕ್ಕೆ ಬರ್ತಾರಾ ಜನ? ಕಾಲು ನಡುಗ್ತಾ ಬರ್ತಾರೆ. ಕೂರ್ಸಿ!"

ಒಂದಿನ ಮಾಂಬಳ್ಳಿಯ ರಂಗಮ್ಮನೋರು — ಇಗೋ, ಮುಂದಿನ ಸಾಲಲ್ಲೇ ಇದ್ದಾರೆ — ಗಂಡನ ಮನೇಲಿ ಹೊಡೆತ ತಿಂದು ಕೈ ಮುರಿದಿದ್ದ ಮಗಳನ್ನ ಕರ್ಕೊಂಡು ಬಂದ್ರು. ಅಷ್ಟರಲ್ಲಿ ಬೀಗರ ಪರವಾಗಿ ಮುಖಂಡರೊಬ್ಬರು ಬಂದು ಆ ಕುರ್ಚೀಲಿ ಕೂತಾಗಿತ್ತು. ರಂಗಮ್ಮನೋರು ಬಾಗಿಲಾಚೆ — "ನಾವ್ ಇಲ್ಲೇ ನಿಂತ್ಕತೀವಿ ಕಣ್ರವ್ವ."

ಮೇಡಂಗೆ ಇನ್ಸ್‌ಪೆಕ್ಟರ್ ಬಡ್ತಿ ಬರೋ ಹೊತ್ತು ಅದು. ಮುಖಂಡರಿಗೂ ಗೊತ್ತು. ನಗ್ತಾನೇ ಅಂದ್ರು — "ಬಡ್ತಿ ಅತ್ರ ಬಂದದಂತಲ್ಲವ್ವ. ಇದ್ಯಾಕೆ ನಿಮ್ಗೆ? ಗಂಡ ಎಂಡಿರ ಜಗಳ ಉಂಡು ಮಲಗೋ ಗಂಟ."

ಮೇಡಂ ಅಂದ್ರು — "ಉಣ್ಣೋಕೆ ಆ ಹುಡುಗೀಗೆ ಕೈ ನೆಟ್ಟಗಿರಬೇಕಲ್ಲ ಯಜಮಾನ್ರೇ? ಸ್ವಲ್ಪ ಎದ್ದೇಳಿ. ಆ ಕುರ್ಚಿ ದೂರು ಕೊಡೋರ್ದು."

ಎದ್ರು! ರಂಗಮ್ಮನೋರು ಕೂತ್ರು. ಕೇಸು ದಾಖಲಾಯ್ತು. ಅದರ ಹಿಂದೆಯೇ ಮೇಡಂಗೆ ವರ್ಗ ಆಯ್ತು, ಬಡ್ತಿ ವರ್ಷಗಟ್ಟಲೆ ತಡವಾಯ್ತು. ಆದರೆ ಆ ಮಗಳು — ನೋಡಿ, ಅಮ್ಮನ ಪಕ್ಕದಲ್ಲೇ ಕೂತಿದ್ದಾಳೆ. ಬದುಕಿದ್ದಾಳೆ. ಇನ್ನೇನು ಬೇಕು ಹೇಳಿ?

ಕೊನೆಗೂ ಇನ್ಸ್‌ಪೆಕ್ಟರ್ ಆದ ದಿನ ಮೇಡಂ ನೆಟ್ಟಗೆ ಹೋಗಿದ್ದು ಮಾಂಬಳ್ಳಿಗೆ. ಯೂನಿಫಾರಂನಲ್ಲೇ ಬಾಗಿಲಲ್ಲಿ ನಿಂತು, "ಅವ್ವಾ, ಈಗ ನೀನು ನನ್ನ ಕೂರ್ಸು" ಅಂದ್ರು. ಆ ಮನೇಲಿ ಕುರ್ಚಿ ಎಲ್ಲಿ ಬಂತು? ರಂಗಮ್ಮನೋರು ಚಾಪೆ ಹಾಸಿದ್ರು. ಹೊಸ ಸ್ಟಾರ್ ಹಾಕ್ಕೊಂಡು, ಚಕ್ಕಳಮಕ್ಕಳ ಕೂತು, ಮುದ್ದೆ ಉಪ್ಸಾರು ಉಂಡ್ರು. ಡಿವೈಎಸ್ಪಿ ಆದಾಗಲೂ ಅಷ್ಟೇ, ಮೊದಲ ಊಟ ಅಲ್ಲೇ.

ಕಾಯಿಲೆ ಅವರನ್ನ ಬೇಗ ಕರ್ಕೊಂಡು ಹೋಯ್ತು. ಹೊಟ್ಟೆ ಉರೀತದೆ. ಆದರೂ ಚನ್ನಾಜಮ್ಮನವರೇ, ಇವತ್ತು ನಿಮಗೆ ಕೈ ಮುಗಿಯೋಕೆ ಬಂದಿದ್ದೀನಿ. ಇಂಥ ಮಗಳನ್ನ ಇಲಾಖೆಗೆ ಕೊಟ್ರಲ್ಲ — ನಾವು ನಿಮಗೆ ಋಣಿಗಳು.

ಬದುಕಿಡೀ ಎಲ್ಲರನ್ನೂ ಕೂರಿಸಿದ ಮೇಡಂಗೋಸ್ಕರ, ಈಗ ನಾವೆಲ್ಲ ದಯವಿಟ್ಟು ಎದ್ದು ನಿಲ್ಲೋಣ. ಮೌನವಾಗಿ ಅವರನ್ನ ನೆನೆಯೋಣ. ರಂಗಮ್ಮನೋರೇ, ನಿಮಗೆ ಮಂಡಿನೋವು — ನೀವು ಕೂತೇ ಇರಿ. ನಿಮ್ಮನ್ನ ನಿಲ್ಲಿಸಿದ್ರೆ ಮೇಡಂ ನನ್ನ ಬೈತಾರೆ.

ಏನಂದ್ರಿ? — "ಇವತ್ತೊಂದಿನ ನಿಂತ್ಕತೀನಿ ಕಣ್ ಮಗ" ಅಂತೀರಾ?

ಆಯ್ತು ಅವ್ವಾ, ನಿಲ್ಲಿ. ಮಗಳ ಕೈ ಹಿಡ್ಕೊಳ್ಳಿ.