ರಂಜಿತ್‌ನ ವೀರಮರಣ

ಕೊನೆಯ ಸೈನಿಕನೂ ಸಾಯುವ ಕೋಟೆಯುದ್ಧದ ಸಿನಿಮಾಕ್ಕೆ ಕದ್ರಿಯಿಂದ ಬಂದರಿನವರೆಗೆ ಕ್ಯೂ ನಿಂತಿತ್ತು. ಆ ಸಿನಿಮಾದಲ್ಲಿ ಸೈನಿಕನ ಪಾತ್ರ ಮಾಡಿ, ಈಗ ಕ್ಯೂನಲ್ಲಿ ನಿಂತಿದ್ದ ಯಕ್ಷಗಾನ ಕಲಾವಿದ ರಂಜಿತ್‌ನ ಬೆವರಿನಲ್ಲಿ ದೋಣಿ ಬಿಡಬಹುದಿತ್ತು. ಹೆಂಡತಿ ಮೋಕ್ಷಾಳ ಪಿಸುಮಾತು ಹಿಂದಿದ್ದ ನೂರು ಜನಕ್ಕೂ ಕೇಳಿಸಿತು.

"ಮನೆಯವರೆಲ್ಲ ಬಂದಿದ್ದಾರೆ. ನೀವು ಯಾವಾಗ ಸಾಯುವುದು?"

"ಬಾಣ ತಾಗಿದ ಕೂಡಲೇ ಬೀಳ್ಬೇಕಿತ್ತು. ನಾನು ನಾಲ್ಕು ಸುತ್ತು ಕುಣಿದು ಬಿದ್ದೆ."

"ಬಾಣ ತಾಗಿದ ಮೇಲೆ ಕುಣಿಯುವುದಾ ಮಾರಾಯ್ರೆ?"

"ನಮ್ಮ ಮೇಳದಲ್ಲಿ ಕುಣಿಯದೆ ಸತ್ತರೆ ಜನ ಬಿಡ್ತಾರಾ?"

"ಡೈರೆಕ್ಟರ್ ಎಂತ ಹೇಳಿದ್ರು?"

"ಶತ್ರುಗಳೆಲ್ಲ ಚಪ್ಪಾಳೆ ಹೊಡೆದ್ರು. ಡೈರೆಕ್ಟರ್ ಕಟ್ ಹೇಳಿದ್ರು."

"ಹಾಗಾದ್ರೆ ನೀವು ಸಿನಿಮಾದಲ್ಲಿ ಇಲ್ವಾ?"

"ಉಂಟು. ಹೆಣಗಳ ರಾಶಿಯಲ್ಲಿ... ಕಾಲು ಮಾತ್ರ."

ಬಾಗಿಲು ತೆರೆಯಿತು. ಮೋಕ್ಷಾ ಗಂಡನ ಕೈಹಿಡಿದು ಒಳಗೆ ನುಗ್ಗುತ್ತ ಕೂಗಿದಳು:

"ಅತ್ತೇ, ಹೆಣಗಳ ರಾಶಿಯಲ್ಲಿ ನಿಮ್ಮ ಮಗನ ಕಾಲು ಬರ್ತದೆ. ಕಂಡ ಕೂಡಲೇ ಎಲ್ಲರೂ ವಿಸಿಲ್ ಹೊಡೆಯಿರಿ!"