114ನೇ ನಂಬರಿನ ಮರದೊಳಗಿನ ಪಂಪು

ಬೀದಿಯವರೆಲ್ಲ ಪಂಚರ್ ಅಕ್ಕ ಎಂದು ಕರೆಯುವ ನಾನು, ವಯಸ್ಸು 54 ವರ್ಷ, ಉದ್ಯೋಗ ಸೈಕಲ್ ರಿಪೇರಿ, ವಾಸ ಬಸ್ ನಿಲ್ದಾಣದ ಹಿಂದಿನ ಓಣಿಯ ಎರಡನೇ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ನಾನೂ ನಮ್ಮ ಯಜಮಾನರೂ ಇಪ್ಪತ್ತೆರಡು ವರ್ಷದಿಂದ ರಸ್ತೆ ಬದಿಯ 114ನೇ ನಂಬರಿನ ಮರದ ಕೆಳಗೆ ಅಂಗಡಿ ಇಟ್ಟುಕೊಂಡಿದ್ದೇವೆ. ಮರದ ಬುಡದಿಂದ ಒಂದೂವರೆ ಅಡಿ ಮೇಲೆ ಒಂದು ಪೊಟರೆ ಇತ್ತು. ಮೊದಲು ಅದರಲ್ಲಿ ಪ್ಯಾಚಿನ ಡಬ್ಬಿ ಹಿಡಿಸುತ್ತಿತ್ತು. ಆಮೇಲೆ ಸುತ್ತಿಗೆ, ಪಾನಾ. ಹೋದ ವರ್ಷ ಎರಡಡಿ ಉದ್ದದ ಗಾಳಿ ಪಂಪೇ ನೆಟ್ಟಗೆ ನಿಂತಿತು. ಪುಕ್ಕಟೆ ಬೀರು ಸಿಕ್ಕಿತೆಂದು ನಾನು ಹಿಗ್ಗಿದೆ. ಮರ ಒಳಗೊಳಗೇ ಸಾಯುತ್ತಿದೆ ಅಂತ ಹೊಳೆಯಲಿಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಜನವರಿ 3ರಂದು ಯಜಮಾನರು ಪೊಟರೆಗೆ ಕೈ ಹಾಕಿದಾಗ ಬೊಗಸೆ ತುಂಬ ಮರದ ಪುಡಿ ಬಂತು. ಅದನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಮರಗಳ ಕಚೇರಿಯ ಮೇಲ್ವಿಚಾರಕರ ಮೇಜಿನ ಮೇಲಿಟ್ಟೆವು. ಜನ ಬಸ್ಸಿಗೆ ನಿಲ್ಲುವ ಜಾಗ, ಮರ ಇಳಿಸಿ ಎಂದು ಅರ್ಜಿ ಕೊಟ್ಟೆವು. ಮೇಜು ಗಲೀಜಾಯಿತೆಂದು ಅವರು ಬೈದರು.

19ರಂದು ನಾವು ಟ್ಯೂಬ್ ತರಲು ಹೋಗಿ 12.10ಕ್ಕೆ ವಾಪಸ್ ಬರುವಷ್ಟರಲ್ಲಿ ಮೇಲ್ವಿಚಾರಕರು ಆಳುಗಳನ್ನು ಕರೆತಂದು ಪೊಟರೆಗೆ ಸಿಮೆಂಟ್ ತುಂಬಿಸಿ, ಮೇಲೆ ಸುಣ್ಣ ಬಳಿಸಿದ್ದರು. ಒಳಗೆ ನಮ್ಮ ಪಂಪು ಇದೆ ಎಂದೆ. ಮೇಲ್ವಿಚಾರಕರು ನಕ್ಕು, ಇರಲಿ ಬಿಡಮ್ಮ, ಮರಕ್ಕೆ ಗಾಳಿ ಹೊಡೆಯಲಿ ಎಂದರು. 27ರಂದು ಪರೀಕ್ಷೆಗೆಂದು ಬಂದು, ಅದೇ ಸಿಮೆಂಟಿನ ಮೇಲೆ ಮೂರು ಸಲ ಕುಟ್ಟಿ, ಮರ ಗಟ್ಟಿ ಎಂದು ಬರೆದುಕೊಂಡರು. ಒಂದು ಗೇಣು ಮೇಲೆ ಕುಟ್ಟಿ ನೋಡಿ ಸ್ವಾಮಿ, ಮೇಲೆ ಥಳಕು ಒಳಗೆ ಹುಳುಕು ಎಂದೆ. ನೀನು ಟೈರು ನೋಡಿಕೋ ಎಂದರು.

ನಿನ್ನೆ ಸಂಜೆ 4.20. ಮಳೆ ಇಲ್ಲ, ಗಾಳಿ ಇಲ್ಲ. ಯಜಮಾನರು ಕೂತು ಟೈರು ಬಿಚ್ಚುತ್ತಿದ್ದರು. ನಾನು ಆರಡಿ ದೂರದಲ್ಲಿ ಬಕೆಟ್ಟಿಗೆ ನೀರು ತುಂಬುತ್ತಿದ್ದೆ. ಮರ ಸಿಮೆಂಟಿನ ಕೆಳಗೇ ಮುರಿದು ಅವರ ಕಾಲಿನ ಮೇಲೆ ಬಿತ್ತು. ಬಿಡಿಸಲು 35 ನಿಮಿಷ ಹಿಡಿಯಿತು. ಅಲ್ಲಿಯವರೆಗೂ ಅವರು ಟೈರು ಬಿಟ್ಟಿರಲಿಲ್ಲ.

ಆಂಬುಲೆನ್ಸ್ ಹೊರಡುವ ಮೊದಲೇ, 5ಕ್ಕೆ, ಮೇಲ್ವಿಚಾರಕರು ಮರ ಸಾಗಿಸಲು ಲಾರಿ ತಂದರು. ಪೊಟರೆ ಇರಲೇ ಇಲ್ಲವೆಂಬ ಕಾಗದ ತೋರಿಸಿ, ಟೈರು ತೂಗುಹಾಕಲು ನೀವು ಹೊಡೆದ ಮೊಳೆಯಿಂದಲೇ ಮರ ಬಿತ್ತು, ಕೇಸು ನಿನ್ನ ಗಂಡನ ಮೇಲೇ ಹಾಕಿಸುತ್ತೇನೆ ಎಂದರು. ಥೂ! ರಕ್ತ ಇನ್ನೂ ಆರಿರಲಿಲ್ಲ. ಯಜಮಾನರನ್ನು ಮೈದುನನ ಜೊತೆ ಕಳಿಸಿ ನಾನು ಮರದ ಮೇಲೆ ಕೂತೆ. ಆಸ್ಪತ್ರೆಯಲ್ಲಿ ಬಲಗಾಲು ತೆಗೆಯುವಾಗ ನಾನು ಅವರ ಹತ್ತಿರ ಇರಲಿಲ್ಲ.

5.40ಕ್ಕೆ ತಮ್ಮ ಠಾಣೆಯ ಪೇದೆ ಬಂದರು. ಮುರಿದ ತುದಿಯಲ್ಲಿ ಸಿಮೆಂಟ್ ಬಿರಿದು, ಪಂಪಿನ ಬುಡವೂ ಯಜಮಾನರು ಅದಕ್ಕೆ ಸುತ್ತಿದ್ದ ಕೆಂಪು ತಂತಿಯೂ ಕಾಣುತ್ತಿದ್ದವು. ತೋರಿಸಿದೆ. ಈಗಷ್ಟೇ ನೀನೇ ತುರುಕಿದ್ದೀಯ ಎಂದರು ಮೇಲ್ವಿಚಾರಕರು. ಹಾಗಾದರೆ ಎಳೆದು ತೆಗೆಯಿರಿ ಎಂದೆ. ಪೇದೆಯ ಎದುರಿಗೇ ಎರಡೂ ಕೈ ಹಾಕಿ ಮೂರು ಸಲ ಎಳೆದರು. ಬರಲಿಲ್ಲ. ಕೈಗೆ ಹತ್ತಿದ ಪುಡಿಯನ್ನು ನಮ್ಮ ಅಂಗಡಿಯ ಬಟ್ಟೆಗೇ ಒರೆಸಿಕೊಂಡು ಹೋದರು.

ಆ ತುಂಡನ್ನು ಪಂಪಿನ ಸಮೇತ ಕೊಯ್ದು ಠಾಣೆಯಲ್ಲಿ ಇರಿಸಿಕೊಳ್ಳಬೇಕು. ಪಂಪು ನನಗೆ ವಾಪಸ್ ಬೇಡ.

ಮೇಲೆ ಬರೆದಿರುವುದನ್ನು ಓದಿ ಹೇಳಿದರು, ಕೇಳಿದೆ, ಅಷ್ಟೂ ನಿಜ. ನಾನು ಬೈದ ಮಾತುಗಳನ್ನು ಬರೆದುಕೊಂಡಿಲ್ಲವೆಂದು ತಿಳಿಸಿದರು. ಅವೂ ನಿಜವೇ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 10-02-2023, ಬೆಳಿಗ್ಗೆ 9.30
ಸಹಿ: (ಪಂಚರ್ ಅಕ್ಕ)