ಖಾಲಿ ಜಾಗ

ಬ್ಯಾಂಕಿನ ಬೆಂಚಿನ ಮೇಲೆ ಟೋಕನ್ ಹಿಡಿದು ಕೂತಿದ್ದ ದರ್ಜಿಗೆ ಪಕ್ಕದ ಅಣ್ಣ ತಂಗಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಣ್ಣನ ಉಗುರುಸಂದಿಯಲ್ಲಿ ಲೇತ್ ಯಂತ್ರದ ಗ್ರೀಸು. ತಂಗಿಯ ಮಡಿಲಲ್ಲಿ ಸಾಲದ ಅರ್ಜಿ.

“ಲೇತನ್ನೇ ಅಡ ಇಡ್ತೀನಿ ಅಂದ್ರೆ ಆಗಲ್ವಂತಾ, ಅಣ್ಣ?”

“ಕಬ್ಬಿಣ ನಾಳೆ ಎಲ್ಲಿರುತ್ತೋ ಅಂತಾರೆ. ಜಾಗದ ಪತ್ರಾನೇ ಬೇಕಂತೆ.”

“ಆರು ಮನೆ ಒಲೆ ಉರಿಯೋದು ಆ ಲೇತಿಂದ ಅಂತ ಹೇಳ್ಬೇಕಿತ್ತು.”

“ಹೇಳ್ದೆ. ಅದನ್ನ ಬರೆಯೋಕೆ ಅರ್ಜೀಲಿ ಕಾಲಮ್ಮೇ ಇಲ್ಲ.”

“ಇನ್ನೊಂದು ಲೇತ್ ಬಂದ್ರೆ?”

“ಇನ್ನೂ ನಾಲ್ಕು ಜನಕ್ಕೆ ಕೆಲಸ. ಆದ್ರೆ ಜಾಗ ನಿನ್ನ ಹೆಸರಲ್ಲಿದೆ. ನಾನು ಬಲವಂತ ಮಾಡಲ್ಲ ಕಣೆ.”

ತಂಗಿ ಅರ್ಜಿಯ ಒಂದು ಸಾಲಿನ ಮೇಲೆ ಬೆರಳಿಟ್ಟಳು.

“ಇಲ್ಲಿ ಖಾಲಿ ಜಾಗ ಅಂತ ಬರ್ದಿದಾರಲ್ಲ?”

“ಮನೆ ಇಲ್ಲ, ಗೋಡೆ ಇಲ್ಲ. ಅದಕ್ಕೆ.”

“ಅಮ್ಮನ್ನ ಮಣ್ಣು ಮಾಡಿದ್ದು ಅಲ್ಲೇ ಅಲ್ವಾ?”

ಅಣ್ಣ “ಬೇಡ ಬಿಡು, ಮನೆಗೆ ಹೋಗೋಣ” ಎಂದು ಎದ್ದೇಬಿಟ್ಟ.

ಅಷ್ಟರಲ್ಲಿ ಅವರ ನಂಬರು ಕೂಗಿದರು. ತಂಗಿ ದರ್ಜಿಯ ಜೇಬಿನ ಪೆನ್ನು ಕೇಳಿ ತೆಗೆದುಕೊಂಡು, ಮಡಿಲ ಮೇಲೆಯೇ ಸಹಿ ಹಾಕಿದಳು.

“ಖಾಲಿ ಅಂತಾನೇ ಇರ್ಲಿ, ಅಣ್ಣ. ಅಮ್ಮ ಇದಾಳೆ ಅಂದ್ರೆ ಸಾಲ ಕೊಡಲ್ಲ” ಎನ್ನುತ್ತಾ ಅವನ ಕೈ ಹಿಡಿದು ಕೌಂಟರಿನತ್ತ ನಡೆದಳು.